ಸೂಪಾ ಬಂಡಾಯ, 1858–59: ಮತದ ಎಲ್ಲೆ ದಾಟಿದ ಮೈತ್ರಿಯ ಸ್ವರೂಪ

ಪರಕೀಯ ಆಳ್ವಿಕೆಯ ವಿರುದ್ಧ ಭಿನ್ನ ಮತದವರು ಒಂದಾದ ಚರಿತ್ರೆಯನ್ನು ಕರ್ನಾಟಕದ ಮಟ್ಟಿಗೆ ಖಿಲಾಫತ್ ಚಳವಳಿಯಿಂದಲೋ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಿಂದಲೋ ಆರಂಭಿಸುವುದು ರೂಢಿ. ಬೆಳಗಾವಿಯಲ್ಲಿ ಗಾಂಧೀಜಿ ಹಿಂದೂ–ಮುಸ್ಲಿಂ ಐಕ್ಯವನ್ನು ರಾಷ್ಟ್ರದ ಕಾರ್ಯಕ್ರಮವಾಗಿ ಮುಂದಿಟ್ಟರು. ಅದಕ್ಕೂ ಆರೂವರೆ ದಶಕ ಮೊದಲೇ ಸೂಪಾದ ಕಾಡಿನಲ್ಲಿ ಫಡ್ನೀಸ ಸಹೋದರರೂ ಸಿದ್ದಿ ಬಸ್ತ್ಯಾಂವನೂ ಜೊತೆಯಾಗಿ ಬ್ರಿಟಿಷರನ್ನು ಎದುರಿಸಿದ್ದರು. ಈ ಮೈತ್ರಿ ಗಡಿನಾಡಿನ ಬದುಕಿನಿಂದ ಮೂಡಿದ್ದು. ಅದನ್ನು ಮುಂದಿನ ರಾಷ್ಟ್ರೀಯತೆಯ ಮುನ್ನುಡಿಯಾಗಿ ಓದುವುದು ಅಷ್ಟು ಸಮಂಜಸವಲ್ಲ ಎಂಬುದು ಇಲ್ಲಿಯ ವಾದ.

1858ರ ಆರಂಭದಲ್ಲಿ ಗೋವೆಯ ಕಡೆಯಿಂದ ನುಗ್ಗಿದ ಬಂಡಾಯಗಾರರು ದರ್ಶನಿಗುಡ್ಡವನ್ನು ಹಿಡಿದು, ತಳೆವಾಡಿಯ ಸುಂಕದ ಕಟ್ಟೆಯನ್ನು ಸುಟ್ಟರು. ಸಾವಂತವಾಡಿಯ ಬಂಡಾಯಗಾರರೂ ರಾಘೋಬಾ, ಚಿಂತೋಬಾ, ಶಾಂತಾ ಫಡ್ನೀಸರೂ ಈ ಹೋರಾಟದಲ್ಲಿದ್ದರು. 1859ರಲ್ಲಿ ಇಂದಿನ ಜೋಯಿಡಾ ತಾಲ್ಲೂಕಿನ ಜಗಲಬೇಟದ ಬಳಿ ನಡೆದ ಕಾಳಗದಲ್ಲಿ ಚಿಂತೋಬಾ, ಬಸ್ತ್ಯಾಂವ ಇಬ್ಬರೂ ಹತರಾದರು.

ಸುಂಕದ ಕಟ್ಟೆಯ ಮೇಲಿನ ದಾಳಿ ಇಲ್ಲಿ ಮುಖ್ಯವಾದ ಸಾಕ್ಷ್ಯ. ಆಗ ಸೂಪಾ ಮದ್ರಾಸ್ ಪ್ರಾಂತ್ಯದ ಕೆನರಾ ಜಿಲ್ಲೆಗೆ ಸೇರಿತ್ತು. ಉತ್ತರಕ್ಕೆ ಮುಂಬಯಿ ಪ್ರಾಂತ್ಯದ ಬೆಳಗಾವಿ, ಪಶ್ಚಿಮಕ್ಕೆ ಪೋರ್ಚುಗೀಸರ ಗೋವೆ. ಮೂರು ಆಡಳಿತಗಳು ಕೂಡುವ ಈ ಘಟ್ಟದಲ್ಲಿ ಬೆನ್ನಟ್ಟುವ ಸೈನ್ಯಕ್ಕೆ ಎಲ್ಲೆಯಿತ್ತು, ಓಡುವವನಿಗೆ ಇರಲಿಲ್ಲ. ಸೂಪಾ ಸೇರಿದಂತೆ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು ಬಂಡಾಯ ಅಡಗಿದ ನಂತರ.

ಇಂಥ ನೆಲದಲ್ಲಿ ಕಾಡಿನ ದಾರಿ ಬಲ್ಲವನ ನೆರವಿಲ್ಲದೆ ಯಾವ ದಂಡೂ ನಿಲ್ಲಲಾರದು. ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟ ಸೇರಿದ ಆಫ್ರಿಕಾ ಮೂಲದವರ ವಂಶಸ್ಥರೂ ಬಸ್ತ್ಯಾಂವ ಸೇರಿದ್ದ ಸಿದ್ದಿ ಸಮುದಾಯದಲ್ಲಿದ್ದಾರೆ. ಹಳಿಯಾಳ, ಮುಂಡಗೋಡ, ಯಲ್ಲಾಪುರ ಸೀಮೆಯಲ್ಲಿ ಇವತ್ತಿಗೂ ಅವರು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳಲ್ಲಿ ಹಂಚಿಹೋಗಿದ್ದಾರೆ. ಬಸ್ತ್ಯಾಂವನ ಹೆಸರು ಕ್ರೈಸ್ತ ಹಿನ್ನೆಲೆಯದು. ಹಾಗೆಂದು ಅವನೊಬ್ಬನ ಪಾತ್ರದಿಂದ ಇಡೀ ಸಮುದಾಯದ ನಿಲುವನ್ನು ಊಹಿಸುವುದಾಗಲಿ, ಇಂದಿನ ಸಹಬಾಳ್ವೆಯನ್ನು 1858ಕ್ಕೆ ಆರೋಪಿಸುವುದಾಗಲಿ ಸರಿಯಲ್ಲ.

ಅರಣ್ಯ ಕಾನೂನಿನ ಮೇಲಿನ ಸಿಟ್ಟೇ ಎಲ್ಲರನ್ನೂ ಒಗ್ಗೂಡಿಸಿತೆಂಬ ವಿವರಣೆಗೆ ಕಾಲಾನುಕ್ರಮದ ತೊಡಕಿದೆ. ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮ್ರಿ ಬೇಸಾಯವನ್ನು (ಕಾಡು ಕಡಿದು ಸುಟ್ಟು ಮಾಡುವ ಸಾಗುವಳಿ) ನಿಷೇಧಿಸಿದ್ದು 1860ರಲ್ಲಿ. ಅದಕ್ಕೆ ಮುಂಚೆಯೂ ಅಧಿಕಾರಿಗಳ ಒತ್ತಡವಿತ್ತು, ನಿಜ. ಆದರೆ ಬಂಡಾಯದ ಮೊದಲ ಗುರಿಗಳಲ್ಲಿ ಎದ್ದು ಕಾಣುವುದು ಕಾಡಿನ ಕಾವಲಲ್ಲ, ಗಡಿಯ ಸುಂಕ.

ಕರ್ನಾಟಕದ 1857–58ರ ಚರಿತ್ರೆಯಲ್ಲಿ ನರಗುಂದಕ್ಕೆ ಸಂಸ್ಥಾನಿಕ ಬಾಬಾಸಾಹೇಬನಿದ್ದಾನೆ, ಹಲಗಲಿಗೆ ಬೇಡರ ಶಸ್ತ್ರ ಕಸಿಯುವ ಪ್ರಶ್ನೆಯಿದೆ. ಸೂಪಾದಲ್ಲಿ ಸಂಸ್ಥಾನವೂ ಇಲ್ಲ, ಎಲ್ಲರನ್ನೂ ಕರೆದು ಕೂಡಿಸಿದ ಒಬ್ಬನೇ ನಾಯಕನೂ ಇಲ್ಲ. ಐಕ್ಯವನ್ನು ನಾಯಕರ ಭಾಷಣಗಳಲ್ಲಷ್ಟೇ ಹುಡುಕುವ ಪದ್ಧತಿಗೆ ಇಂಥ ಮೈತ್ರಿ ಸಿಕ್ಕುವುದಿಲ್ಲ. ದಾಳಿಯ ಗುರಿ, ಅಡಗುವ ತಾಣ, ಆಡಳಿತದ ಎಲ್ಲೆ, ಜೊತೆಗೆ ಸತ್ತವರ ಹೆಸರು ಇವನ್ನು ಒಟ್ಟಿಗೆ ಓದಿದಾಗಲೇ ಅದು ಗೋಚರಿಸುತ್ತದೆ.