ತಮಸ್ (ದೂರದರ್ಶನ ಧಾರಾವಾಹಿ)

ತಮಸ್ 1988ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಹಿಂದಿ ಧಾರಾವಾಹಿ. ಭೀಷ್ಮ ಸಾಹನಿಯವರ ಇದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಕಿರುಸರಣಿಯನ್ನು ಗೋವಿಂದ ನಿಹಲಾನಿ ನಿರ್ದೇಶಿಸಿದರು. ಭಾರತ ವಿಭಜನೆಯ ಕಾಲದ ಕೋಮುಗಲಭೆಗಳು ಇದರ ವಸ್ತು. ಇದರ ಪ್ರಸಾರವನ್ನು ತಡೆಯುವಂತೆ ಕೋರಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಅಭಿವ್ಯಕ್ತಿ ಸ್ವಾತಂತ್ರ್ಯದ ಇತಿಹಾಸದಲ್ಲಿ ಮುಖ್ಯವಾದುದು.

ಹಿನ್ನೆಲೆ

'ತಮಸ್' ಎಂದರೆ ಕತ್ತಲೆ. ರಾವಲ್ಪಿಂಡಿಯಲ್ಲಿ ಜನಿಸಿದ ಸಾಹನಿ ವಿಭಜನೆಯ ಗಲಭೆಗಳನ್ನು ಕಣ್ಣಾರೆ ಕಂಡವರು. ಅವರ ಕಾದಂಬರಿಗೆ 1975ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಕಥಾಸಾರ

ಪಶುವೈದ್ಯರಿಗೆ ಬೇಕಾಗಿದೆ ಎಂಬ ಮಾತನ್ನು ನಂಬಿ, ಚರ್ಮ ಹದಮಾಡುವ ನತ್ಥು ಹಣಕ್ಕಾಗಿ ಹಂದಿಯೊಂದನ್ನು ಕೊಲ್ಲುತ್ತಾನೆ. ಮರುದಿನ ಅದರ ಕಳೇಬರ ಮಸೀದಿಯ ಮೆಟ್ಟಿಲ ಮೇಲೆ ಕಾಣಿಸುತ್ತದೆ. ಪಟ್ಟಣದಲ್ಲಿ ಹೊತ್ತಿಕೊಂಡ ಗಲಭೆ ಸುತ್ತಲಿನ ಹಳ್ಳಿಗಳಿಗೂ ಹರಡುತ್ತದೆ. ತನ್ನನ್ನು ಬಳಸಿಕೊಳ್ಳಲಾಗಿದೆ ಎಂದು ಅರಿತ ನತ್ಥು ಪತ್ನಿಯೊಂದಿಗೆ ಊರು ಬಿಡುತ್ತಾನೆ. ವೃದ್ಧ ಸಿಖ್ ದಂಪತಿ ಹರನಾಮ್ ಸಿಂಗ್ ಮತ್ತು ಬಂತೋ ತಮ್ಮ ಹಳ್ಳಿಯನ್ನು ತೊರೆದು, ಮುಸ್ಲಿಂ ಮಹಿಳೆಯೊಬ್ಬಳ ಮನೆಯಲ್ಲಿ ಆಶ್ರಯ ಪಡೆಯುತ್ತಾರೆ.

ತಾರಾಗಣ ಮತ್ತು ತಂತ್ರಜ್ಞರು

ನತ್ಥುವಾಗಿ ಓಂ ಪುರಿ, ಆತನ ಪತ್ನಿಯಾಗಿ ದೀಪಾ ಸಾಹಿ, ಬಂತೋ ಆಗಿ ದೀನಾ ಪಾಠಕ್ ನಟಿಸಿದ್ದಾರೆ. ಹರನಾಮ್ ಸಿಂಗ್ ಪಾತ್ರವನ್ನು ಸ್ವತಃ ಭೀಷ್ಮ ಸಾಹನಿ ನಿರ್ವಹಿಸಿದರು. ಛಾಯಾಗ್ರಹಣದಲ್ಲಿ ಮೈಸೂರಿನವರಾದ ವಿ. ಕೆ. ಮೂರ್ತಿ ಕೆಲಸ ಮಾಡಿದರು. ನಿಹಲಾನಿ ಹಿಂದೆ ಅವರ ಸಹಾಯಕರಾಗಿದ್ದರು. ಸಂಗೀತ ವನರಾಜ್ ಭಾಟಿಯಾ ಅವರದು.

ನ್ಯಾಯಾಲಯದಲ್ಲಿ

ಧಾರಾವಾಹಿಯ ಪ್ರಸಾರ 1988ರ ಜನವರಿಯಲ್ಲಿ ಆರಂಭವಾಯಿತು. ಇದು ಕೋಮುದ್ವೇಷವನ್ನು ಕೆರಳಿಸುತ್ತದೆಂಬ ಆಕ್ಷೇಪದ ಮೇಲೆ ಬಾಂಬೆ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಮಧ್ಯಂತರ ತಡೆಯಾಜ್ಞೆ ನೀಡಿತು. ಧಾರಾವಾಹಿಯನ್ನು ಪೂರ್ಣವಾಗಿ ವೀಕ್ಷಿಸಿದ ದ್ವಿಸದಸ್ಯ ಪೀಠ ಆ ಆಜ್ಞೆಯನ್ನು ತೆರವುಗೊಳಿಸಿತು. ಬಳಿಕ ಸಂವಿಧಾನದ 32ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಕೆಯಾಯಿತು. 'ರಮೇಶ್ ವಿರುದ್ಧ ಭಾರತ ಒಕ್ಕೂಟ' ಎಂದು ಹೆಸರಾದ ಈ ಪ್ರಕರಣದಲ್ಲಿ ನ್ಯಾಯಮೂರ್ತಿ ಸಬ್ಯಸಾಚಿ ಮುಖರ್ಜಿ ಮತ್ತು ನ್ಯಾಯಮೂರ್ತಿ ಎಸ್. ರಂಗನಾಥನ್ ಅರ್ಜಿಯನ್ನು ವಜಾಗೊಳಿಸಿದರು. ಕೃತಿಯೊಂದರ ಪರಿಣಾಮವನ್ನು ವಿವೇಕವುಳ್ಳ, ದೃಢಮನಸ್ಸಿನ ವ್ಯಕ್ತಿಯ ದೃಷ್ಟಿಯಿಂದ ಅಳೆಯಬೇಕೇ ಹೊರತು ಪ್ರತಿಯೊಂದರಲ್ಲೂ ಅಪಾಯವನ್ನೇ ಕಾಣುವ ದುರ್ಬಲ ಮನಸ್ಸಿನವರ ದೃಷ್ಟಿಯಿಂದಲ್ಲ ಎಂಬ ಮಾನದಂಡವನ್ನು ನ್ಯಾಯಾಲಯ ಅನ್ವಯಿಸಿತು. ಹಿಂಸೆಯನ್ನು ತೋರಿಸಿದರೂ ಅದರಿಂದ ಪಾಠ ಕಲಿಸುವುದೇ ಧಾರಾವಾಹಿಯ ಉದ್ದೇಶವೆಂದು ತೀರ್ಪು ಅಭಿಪ್ರಾಯಪಟ್ಟಿತು.

ಪ್ರಶಸ್ತಿಗಳು

35ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ತಮಸ್ ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ನರ್ಗಿಸ್ ದತ್ ಪ್ರಶಸ್ತಿಯನ್ನು ಪಡೆಯಿತು. ಸುರೇಖಾ ಸಿಕ್ರಿ ಅವರಿಗೆ ಅತ್ಯುತ್ತಮ ಪೋಷಕ ನಟಿ, ಭಾಟಿಯಾ ಅವರಿಗೆ ಅತ್ಯುತ್ತಮ ಸಂಗೀತ ನಿರ್ದೇಶಕ ಪ್ರಶಸ್ತಿಗಳು ಲಭಿಸಿದವು.