ಶಾಸನಗಳಲ್ಲಿ ಸಂತೆಯ ಸುಂಕ

ಹಳೆಯ ದೇವಾಲಯದ ಅಂಗಳದಲ್ಲಿ ಶಾಸನಶಿಲೆಯನ್ನು ಕಂಡೊಡನೆ ನಾವು ಅರಸರ ಬಿರುದಾವಳಿಯನ್ನೇ ಅರಸುತ್ತೇವೆ. ಭಕ್ತ ವಾಚಕರು ಇನ್ನೊಮ್ಮೆ ಅಂಥ ಕಲ್ಲಿನೆದುರು ನಿಂತಾಗ ಬಿರುದುಗಳನ್ನು ದಾಟಿ ಕೊನೆಯ ಸಾಲುಗಳತ್ತ ದೃಷ್ಟಿ ಹರಿಸಬೇಕು. ಅನೇಕ ಕಡೆ ಅಲ್ಲಿ ಕಾಣಸಿಗುವುದು ಸಂತೆಯ ಲೆಕ್ಕ: ಎಲೆಯ ಹೇರಿಗೆ ಇಷ್ಟು ಎಲೆ, ಅಡಕೆಯ ಹೇರಿಗೆ ಇಷ್ಟು ಅಡಕೆ, ಗಾಣಕ್ಕೊಂದು ಸೊಲ್ಲಗೆ ಎಣ್ಣೆ.

ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದವು ಅರಸನ ಸುಂಕಗಳು. ಅವುಗಳಲ್ಲಿ ಒಂದು ಪಾಲನ್ನು ಅಧಿಕಾರಿಗಳು ಧರ್ಮಕಾರ್ಯಕ್ಕೆ ಬಿಡುತ್ತಿದ್ದುದುಂಟು. ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದು ಇನ್ನೊಂದು ಬಗೆ. ವರ್ತಕರೂ ಕುಶಲಕರ್ಮಿಗಳೂ ಸಭೆ ಸೇರಿ, ತಮ್ಮ ಮಾರಾಟದ ಮೇಲೆ ತಾವೇ ವಿಧಿಸಿಕೊಂಡ ‘ಆಯ’ ಅದು. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಇದರಲ್ಲಿ ಅಗ್ರಗಣ್ಯರು. ಶಿಲಾಹಾರ ಗಂಡರಾದಿತ್ಯನ ಕಾಲದಲ್ಲಿ, ಶಕ 1058ರಲ್ಲಿ, ಬಸದಿಯೊಂದಕ್ಕೆ ನಾನಾ ಊರುಗಳ ವೀರಬಣಂಜರು ಹೀಗೆ ಆಯವನ್ನು ಬಿಟ್ಟುದನ್ನು ಕನ್ನಡ ಶಾಸನವೊಂದು ಸಾರುತ್ತದೆ. ಕೊಟ್ಟವರು ಪರಸ್ಥಳದವರೂ ಆಗಿದ್ದರು, ಕೊಟ್ಟುದು ಬಸದಿಗೆ ಎಂಬುದನ್ನು ಓದುಗರು ಮರೆಯಬಾರದು.

ಇದೆಲ್ಲ ಕೇವಲ ಪೂಜೆಯ ವೆಚ್ಚವಾಯಿತಲ್ಲವೇ ಎಂದು ತಾವು ಕೇಳಬಹುದು. ಬಹುಪಾಲು ನಂದಾದೀವಿಗೆಗೂ ನೈವೇದ್ಯಕ್ಕೂ ಹೋದುದು ನಿಜ. ಕೆರೆಗಳ ರಕ್ಷಣೆಗೆ ಬಿತ್ತುವಟ್ಟವೆಂಬ ಬೇರೊಂದು ವ್ಯವಸ್ಥೆಯೇ ಇತ್ತು. ಆದರೆ ಅಂದಿನ ದೇವಾಲಯ ಬರಿಯ ಗರ್ಭಗುಡಿಯಲ್ಲ. ಬಳ್ಳಿಗಾವೆಯ ಕೋಡಿಯಮಠದಲ್ಲಿ ವಿದ್ಯಾದಾನ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನು ಬಿಜ್ಜಳನ ಕಾಲದ 1162ರ ಶಾಸನ ವರ್ಣಿಸುತ್ತದೆ. ಹಾಗೆಂದು ಈ ಪದ್ಧತಿ ನಿರ್ದೋಷವಾಗಿತ್ತೆಂದು ಹೇಳಲಾಗದು. ಹೇರಿನ ಲೆಕ್ಕದಲ್ಲಿ ಬಡ ಎಲೆಗಾರನೂ ಸಿರಿವಂತ ಸೆಟ್ಟಿಯೂ ಒಂದೇ. ಸುಂಕ ವಸೂಲಿಯನ್ನೇ ಕಾಯಕವಾಗಿಸಿಕೊಂಡಿದ್ದ ಸುಂಕದ ಬಂಕಣ್ಣನವರು ಹೇರು-ಸುಂಕಗಳ ಪರಿಭಾಷೆಯನ್ನೇ ಅನುಭಾವಕ್ಕೆ ತಿರುಗಿಸಿದರು; ಆ ಭಾರದ ಅರಿವು ಅವರಿಗಿಂತ ಚೆನ್ನಾಗಿ ಯಾರಿಗಿದ್ದೀತು!

ಆದರೂ ಆ ಆಯದಲ್ಲಿ ಒಂದು ಗುಣವಿತ್ತು. ಕೊಟ್ಟವರಾರು, ಎಷ್ಟು, ಯಾವುದಕ್ಕೆ ಎಂಬುದು ಊರಿನ ನಡುವೆ ಕಲ್ಲಿನಲ್ಲಿ ನಿಂತಿತ್ತು. ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂಬ ಶಾಪವೂ ಜೊತೆಗಿತ್ತು.

ನಮ್ಮ ಕಾಲದ ಜಕಾತಿಯನ್ನು ಹಿರಿಯರು ಬಲ್ಲರು. ಊರ ಬಾಗಿಲಲ್ಲಿ ಎತ್ತಿದ ಆ ಹಣ ಊರಿನ ಪುರಸಭೆಗೇ ಸೇರುತ್ತಿತ್ತು. ನಾಕಾಗಳ ಕಿರುಕುಳದಿಂದ ಬೇಸತ್ತ ವರ್ತಕರು 1979ರಲ್ಲಿ ಕರ್ನಾಟಕ ಸರ್ಕಾರ ಅದನ್ನು ರದ್ದುಪಡಿಸಿದಾಗ ಹರ್ಷಿಸಿದರು. ಹರ್ಷ ಸಹಜವೇ, ಆದರೆ ಅಂದಿನಿಂದ ಪುರಸಭೆಗಳು ಆ ಆದಾಯಕ್ಕೆ ಬದಲಾಗಿ ಸರ್ಕಾರದ ಅನುದಾನದತ್ತ ಮುಖಮಾಡಿ ನಿಂತವು. ಜಕಾತಿಯ ಸ್ಥಾನಕ್ಕೆ ಬಂದ ಪ್ರವೇಶ ತೆರಿಗೆಯೂ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ಪ್ರಾಚೀನ ಆಯಕ್ಕೆ ಇಂದು ಹತ್ತಿರದ ಬಂಧುವೆಂದರೆ 1966ರ ಕಾಯಿದೆಯನ್ವಯ ಕೃಷಿ ಮಾರುಕಟ್ಟೆ ಸಮಿತಿಗಳು ಪಡೆಯುವ ಶುಲ್ಕ. ಅದು ಪ್ರಾಂಗಣದ ಕಟ್ಟೆ, ಗೋದಾಮು, ರಸ್ತೆಗಳಿಗೆ ಸಲ್ಲುತ್ತದೆ. ಮಾಲು ತಂದ ರೈತನು ಓದಿಕೊಳ್ಳುವಂತೆ ಆ ಲೆಕ್ಕವನ್ನು ಪ್ರಾಂಗಣದ ಬಾಗಿಲಲ್ಲಿ ಕೆತ್ತಿಸಲು ಒಂದು ಕಲ್ಲು ಸಾಕು.