ಹಾರದ ವಿಮಾನಕ್ಕೂ ಬೇಕು ಫ್ಯೂಸ್



ಈ ಸಲ ನಿಮ್ಮನ್ನು ಚೆಂಬೂರಿನ ಒಂದು ಮನೆಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಕೇಳುಗರೊಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ಒಂದು ಭಾನುವಾರ ಕಾಫಿಗೆ ಕರೆದಿದ್ದರು. ಒಳಕೋಣೆಯ ಬಾಗಿಲು ತೆರೆದರೆ ಎದುರಿಗೆ ವಿಮಾನದ ಕಾಕ್‌ಪಿಟ್! ಪ್ಲೈವುಡ್ ಫಲಕ, ಹಳೇ ಕಾರಿನ ಸೀಟು, ಎರಡು ಮಾನಿಟರ್, ನೂರಾರು ಸ್ವಿಚ್ಚು ಮತ್ತು ಪುಟ್ಟ ದೀಪಗಳು. ಅವರ ಮಗ ಮೂರು ವರ್ಷದಿಂದ ಬಿಡುವಿನಲ್ಲಿ ಕಟ್ಟುತ್ತಿರುವ ಸಿಮ್ಯುಲೇಟರ್ ಅದು. ಮುಂದಿನಿಂದ ಬಲು ಚೆಂದ. ಹಿಂದೆ ಬಗ್ಗಿ ನೋಡಿದರೆ ವೈರುಗಳ ಗೋಜಲು. ಒಂದು ದೊಡ್ಡ ಪವರ್ ಸಪ್ಲೈಯಿಂದ ಎಲ್ಲ ಕಡೆಗೂ ಕೂದಲೆಳೆಯಂಥ ವೈರು.

"ನೀವು ಸ್ಟುಡಿಯೋದವರು, ನಾಲ್ಕು ವೈರು ನೋಡಿರ್ತೀರಿ. ಇದರಿಂದ ಮನೆಗೆ ಬೆಂಕಿ ಬೀಳೋದಿಲ್ಲ ತಾನೇ?" ಎಂದು ತಂದೆ ಮೆಲ್ಲಗೆ ಕೇಳಿದರು.

ನಾನು ಓದಿದ್ದು ಕನ್ನಡ ಬಿ.ಎ.; ವೈರಿನ ವ್ಯಾಕರಣ ಅಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಎಂಜಿನಿಯರ್ ಮಿತ್ರರನ್ನು ಕಾಡಿದೆ, ಪುಸ್ತಕ ತಿರುವಿದೆ. ಸಿಕ್ಕಿದ ಚರಿತ್ರೆ ನಿಮಗೂ ಹೇಳಬೇಕೆನಿಸಿತು.

ನೆಲದ ಮೇಲೆ ಕೂತು ಹಾರಾಟ ಕಲಿಸುವ ಯಂತ್ರ ಹುಟ್ಟಿದ್ದು ಎಲ್ಲಿ ಗೊತ್ತೇ? ವಾದ್ಯದ ಕಾರ್ಖಾನೆಯಲ್ಲಿ! ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಅವರ ತಂದೆಗೆ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಮಗ 1929ರ ಹೊತ್ತಿಗೆ ಆರ್ಗನ್ನಿನ ತಿದಿಗಳನ್ನೇ ಬಳಸಿ, ವಾಲುವ, ತಿರುಗುವ ಪುಟ್ಟ ವಿಮಾನವೊಂದನ್ನು ಮಾಡಿದರು. ನಮ್ಮ ಹಾರ್ಮೋನಿಯಂನಲ್ಲಿ ಉಸಿರಾಡುವ ತಿದಿಯ ದೊಡ್ಡ ಅಣ್ಣ ಅನ್ನಿ. ಮೊದಲು ಜನ ಅದನ್ನು ಜಾತ್ರೆಯ ಆಟಿಕೆ ಎಂದುಕೊಂಡರು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳು ಅಂಚೆ ಹೊತ್ತು ಕೆಟ್ಟ ಹವೆಯಲ್ಲಿ ಹಾರಿ, ಹಲವರು ಸತ್ತ ಮೇಲೆ ಸೇನೆ ಆರು ಯಂತ್ರ ಕೊಂಡಿತು. ಆಟಿಕೆ ಪಾಠಶಾಲೆಯಾಯಿತು.

ಕಾಲ ಕಳೆದಂತೆ ತಿದಿಯ ಗಾಳಿಯ ಕೆಲಸವನ್ನು ಕರೆಂಟು ವಹಿಸಿಕೊಂಡಿತು. ಹಾಗಾಗಿ ಇಂದು ಇಂಥ ಕಾಕ್‌ಪಿಟ್ ಕಟ್ಟುವವರ ಮೊದಲ ಪ್ರಶ್ನೆ: ಕರೆಂಟು ಹಂಚುವುದು ಹೇಗೆ?

ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಷ್ಟು ದೂರ ಕಳಿಸಲು ಹತ್ತಾರು ಸಾವಿರ ವೋಲ್ಟಿಗೆ ಏರಿಸಬೇಕಾಯಿತು. ಏಕೆಂದರೆ ವೋಲ್ಟ್ ಹೆಚ್ಚಿದರೆ ಅಷ್ಟೇ ಶಕ್ತಿಗೆ ಹರಿಯುವ ಕರೆಂಟು ಕಡಿಮೆ. ದಾರಿಯಲ್ಲಿ ಸೋರುವುದೂ ಕಡಿಮೆ. ಮುಂಬಯಿಗೆ 1915ರಲ್ಲಿ ಟಾಟಾ ಅವರ ಖೋಪೋಲಿ ಜಲವಿದ್ಯುತ್ತು ಬಂತು. 1956ರಲ್ಲಿ ಚೆಂಬೂರಿನ ಮಗ್ಗುಲಲ್ಲೇ ಟ್ರಾಂಬೆಯ ಉಷ್ಣ ವಿದ್ಯುತ್ ಸ್ಥಾವರ ಶುರುವಾಯಿತು.

ಅದೇ ಲೆಕ್ಕವನ್ನು ಆ ಒಳಕೋಣೆಗೆ ತನ್ನಿ. ಸ್ವಿಚ್ಚು, ದೀಪಗಳದು 5 ಅಥವಾ 12 ವೋಲ್ಟ್. ಹೋಗಿ ಬರುವ ವೈರಿನ ತಡೆ ಒಂದು ಓಮ್‌ನ ಹತ್ತನೇ ಒಂದು ಪಾಲು, ಹರಿಯುವುದು 5 ಆಂಪಿಯರ್ ಅನ್ನಿ. ದಾರಿಯಲ್ಲೇ ಅರ್ಧ ವೋಲ್ಟ್ ಖರ್ಚು. 230 ವೋಲ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ. 5 ವೋಲ್ಟಿನಲ್ಲಿ ಹತ್ತರಲ್ಲೊಂದು ಪಾಲು! ದೀಪ ಮಂಕಾಗುತ್ತದೆ, ಮುಳ್ಳು ನಡುಗುತ್ತದೆ. ಆದ್ದರಿಂದ ದಪ್ಪ ವೈರು, ಹತ್ತಿರದ ದಾರಿ.

"ಬರೀ 12 ವೋಲ್ಟ್, ಶಾಕ್ ಹೊಡೆಯೋದಿಲ್ಲ" ಎಂದ ಮಗ. ನಿಜ. ಆದರೆ ಬೆಂಕಿಗೆ ವೋಲ್ಟ್ ಬೇಕಿಲ್ಲ, ಆಂಪಿಯರ್ ಸಾಕು. 20 ಆಂಪಿಯರ್ ಕೊಡಬಲ್ಲ ಸಪ್ಲೈಗೆ 15 ಆಂಪಿಯರ್ ಸಹಜ ಹೊರೆ. ಅದು ಸುಮ್ಮನೆ ಕೊಡುತ್ತಲೇ ಇರುತ್ತದೆ. ಅಷ್ಟೂ ಒಂದು ತೆಳು ವೈರಿನಲ್ಲಿ ಹರಿದರೆ ವೈರೇ ಕೆಂಡ. ಅದಕ್ಕೇ ಪ್ರತಿ ಕವಲಿಗೂ, ಅದು ಹುಟ್ಟುವ ಜಾಗದಲ್ಲೇ, ಅದರ ತಾಕತ್ತಿಗೆ ತಕ್ಕ ಫ್ಯೂಸ್ ಬೇಕು. ಫ್ಯೂಸ್ ಮೊದಲು ಕಾಯುವುದು ವೈರನ್ನು, ಉಪಕರಣ ಆಮೇಲೆ.

ಫ್ಯೂಸ್ ಇದ್ದರೂ ಸಾಲದು, ಯಾವ ಕವಲು ಎಲ್ಲಿಂದ ಹೊರಟಿದೆ ಎಂಬುದು ತಿಳಿದಿರಬೇಕು. ದೊಡ್ಡ ವಿಮಾನದಲ್ಲಿ ಕರೆಂಟು 'ಬಸ್'ಗಳಲ್ಲಿ ಹಂಚಿಕೆಯಾಗುತ್ತದೆ. ನಮ್ಮ ಬೆಸ್ಟ್ ಬಸ್ಸಲ್ಲ. ಹಲವು ಕವಲಿಗೆ ಕರೆಂಟು ಕೊಡುವ ಸಾಮಾನ್ಯ ಪಟ್ಟಿ. 1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟಿದ್ದ ಸ್ವಿಸ್‌ಏರ್ 111 ವಿಮಾನದಲ್ಲಿ ಕಾಕ್‌ಪಿಟ್‌ಗೆ ಹೊಗೆ ಬಂತು. ಸ್ವಲ್ಪ ಹೊತ್ತಿನಲ್ಲಿ ಕೆನಡಾದ ಕರಾವಳಿಯ ಬಳಿ ಸಮುದ್ರಕ್ಕೆ ಬಿದ್ದು 229 ಮಂದಿ ತೀರಿಕೊಂಡರು. ನಾಲ್ಕು ವರ್ಷ ಮೀರಿದ ತನಿಖೆ, ವೈರಿನ ಕಿಡಿಯಿಂದ ಹೊದಿಕೆಗೆ ಬೆಂಕಿ ಹತ್ತಿರಬೇಕು ಎಂದಿತು. ಮೊದಲು ಕಿಡಿ ಕಾರಿದ್ದು ಇದೇ ವೈರು ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಆದರೆ ಇನ್ನೊಂದು ಸಂಗತಿ ಹೊರಬಿತ್ತು. ಪ್ರಯಾಣಿಕರ ಮನರಂಜನೆಗೆ ಆಮೇಲೆ ಜೋಡಿಸಿದ ವ್ಯವಸ್ಥೆಯ ವೈರಿನಲ್ಲೂ ಕಿಡಿಯ ಗುರುತಿತ್ತು. ಹೊಗೆ ಬಂದಾಗ ಪೈಲಟ್ ಆರಿಸುವ 'ಕ್ಯಾಬಿನ್ ಬಸ್' ಸ್ವಿಚ್ಚಿನಿಂದ ಆ ವ್ಯವಸ್ಥೆ ಆರುವಂತಿರಲಿಲ್ಲ; ಅದನ್ನು ಬೇರೆ ಬಸ್‌ಗೆ ಜೋಡಿಸಿದ್ದರು.

ನಮ್ಮ ಊರಿಗೂ ಹಂಚಿಕೆಯ ಪಾಠವಾಗಿದೆ. ಹೊರಗಿನ ಗ್ರಿಡ್ ಕುಸಿದರೆ ಮುಂಬಯಿ ಕೊಂಡಿ ಕಳಚಿಕೊಂಡು ದ್ವೀಪದಂತೆ ಉಳಿಯುವ ಏರ್ಪಾಡು ವರ್ಷಗಳಿಂದ ಇತ್ತು. 2020ರ ಅಕ್ಟೋಬರ್ 12ರ ಬೆಳಿಗ್ಗೆ ಅದೂ ಕೈಕೊಟ್ಟು ಲೋಕಲ್ ರೈಲುಗಳು ನಿಂತಲ್ಲೇ ನಿಂತದ್ದು ನಿಮಗೂ ನೆನಪಿರಬಹುದು.

ಮುಂದಿನ ಭಾನುವಾರ ಎಂಜಿನಿಯರ್ ಮಿತ್ರರೊಂದಿಗೆ ಮತ್ತೆ ಹೋದೆ. 230 ವೋಲ್ಟಿನ ಭಾಗವನ್ನು ಒಂದೇ ಮುಚ್ಚಿದ ಪೆಟ್ಟಿಗೆಗೆ ಸೇರಿಸಿ, ಅರ್ಥ್ ಕೊಟ್ಟರು. 12 ವೋಲ್ಟಿನ ಸಾಲು ಬೇರೆ, 5 ವೋಲ್ಟಿನ ಸಾಲು ಬೇರೆ. ಪ್ರತಿ ಕವಲಿಗೂ ಫ್ಯೂಸ್, ಪ್ರತಿ ವೈರಿಗೂ ಹೆಸರಿನ ಚೀಟಿ. ಬಾಗಿಲ ಪಕ್ಕದಲ್ಲಿ ಎಲ್ಲವನ್ನೂ ಒಮ್ಮೆಲೇ ಆರಿಸುವ ಕೆಂಪು ಸ್ವಿಚ್ಚು. ಮಗ ಚೀಟಿಗಳನ್ನು ಕನ್ನಡದಲ್ಲೇ ಬರೆದ. ಅಪ್ಪನಿಗೂ ಓದಲು ಬರಲಿ ಅಂತ. ಕೆಂಪು ಸ್ವಿಚ್ಚನ್ನು ತಂದೆಯೇ ಮೂರು ಸಲ ಒತ್ತಿ ನೋಡಿದರು. ಮೂರು ಸಲವೂ ಇಡೀ ವಿಮಾನ ಕತ್ತಲಾಯಿತು. ಆಮೇಲೆ ಅವರು ನೆಮ್ಮದಿಯಾಗಿ ಕಾಫಿ ಕುಡಿದರು.

ನಿಮ್ಮ ಮನೆಯಲ್ಲಿ ಕಾಕ್‌ಪಿಟ್ ಇಲ್ಲದಿರಬಹುದು, ಎಕ್ಸ್‌ಟೆನ್ಷನ್ ಬೋರ್ಡು ಇದ್ದೇ ಇರುತ್ತದೆ. ಈವತ್ತು ಒಮ್ಮೆ ಅದರ ಹಿಂದೆ ಬಗ್ಗಿ ನೋಡಿ. ಮತ್ತೆ ಸಿಗೋಣ, ಕೇಳುತ್ತಿರಿ.